ಡೈರಿಗೆ ಹೋಗುವ ದಾರಿ

ಆಲೆದೊಡ್ಡಿಯ ಗರಡಿ ಬೀದಿಯಲ್ಲಿ ಗರಡಿ ಇಲ್ಲ. ಯಾವ ಕಾಲದಲ್ಲೋ ಇತ್ತಂತೆ. ಈಗ ಅಲ್ಲಿ ಯಾರಾದರೂ ತೊಡೆ ತಟ್ಟಿ ನಿಲ್ಲುತ್ತಾರೆ ಎಂದರೆ ಅದು ನಲ್ಲಿಯಲ್ಲಿ ನೀರು ಬಂದಾಗ ಬಿಂದಿಗೆ ಹಿಡಿದು ಬರುವ ಹೆಂಗಸರು ಮಾತ್ರ. ಭಾರತೀನಗರದಿಂದ ಎರಡು ಮೈಲಿ ಒಳಗಿರುವ ಈ ಊರಿನಲ್ಲಿ ಬೀದಿ ಅನ್ನಿಸಿಕೊಳ್ಳುವುದಕ್ಕೆ ಯೋಗ್ಯವಾದದ್ದು ಅದೊಂದೇ. ಮೇಲಿನ ತುದಿಯಲ್ಲಿ ಚಿಕ್ಕಬೋರಮ್ಮನ ಮನೆ. ಕೆಳಗಿನ ತುದಿಯಲ್ಲಿ ಹಾಲಿನ ಡೈರಿ. ಡೈರಿಗೆ ನಾಲ್ಕು ಮನೆ ಈಚೆಗೆ, ಚಿಕ್ಕಬೋರಮ್ಮ ತನ್ನ ಒಬ್ಬಳೇ ಮಗಳು ದೀಪಿಕಳನ್ನು ಕೊಟ್ಟ ಮನೆ. ಈ ಮನೆಯಿಂದ ಆ ಮನೆಗೆ ಇನ್ನೂರ ಹತ್ತು ಹೆಜ್ಜೆ. ಎಣಿಸಿದವಳು ಚಿಕ್ಕಬೋರಮ್ಮನೇ, ಅದೂ ಗಂಡು ಒಪ್ಪುವುದಕ್ಕೆ ಮುಂಚೆ.

ಮಗಳಿಗೆ ಗಂಡುಗಳೇನು ಬರದೆ ಹೋಗಿರಲಿಲ್ಲ. ಮಳವಳ್ಳಿಯಿಂದ ಕರೆಂಟಾಫೀಸಿನವನು ಬಂದಿದ್ದ, ಮಂಡ್ಯದಲ್ಲಿ ಎರಡಂತಸ್ತಿನ ಮನೆಯಿದ್ದವನು ಬಂದಿದ್ದ. ಒಬ್ಬನ ಮೂಗು ಉದ್ದ ಎಂದಳು, ಇನ್ನೊಬ್ಬನ ಮಾತು ಉದ್ದ ಎಂದಳು. ನಿಜವಾಗಿ ಉದ್ದವಾಗಿದ್ದದ್ದು ದಾರಿ. ಕೊನೆಗೆ ಅದೇ ಬೀದಿಯ ಸ್ವರೂಪನನ್ನು, ಮಂಡ್ಯದ ಕಡೆಯ ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಕೆಲಸ ಮಾಡುತ್ತಾ ಬೆಳಗ್ಗೆ ಬೈಕಿನಲ್ಲಿ ಹೋಗಿ ಸಂಜೆ ಬೈಕಿನಲ್ಲಿ ಬರುವ ಹುಡುಗನನ್ನು ಒಪ್ಪಿದಳು. ಗಂಡ ಮಾದಯ್ಯ ಆಗಲೇ ಎಚ್ಚರಿಸಿದ್ದ.

“ಬೀಗ್ರು ದೂರ ಇದ್ದಷ್ಟೂ ಬೆಲ್ಲ ಕಣೆ. ಒಂದೇ ಬೀದಿ ಅಂದ್ರೆ ಬರೀ ತಲೆನೋವು.”

“ನೀ ಸುಮ್ಕಿರು. ಬಾಗ್ಲಲ್ಲಿ ನಿಂತ್ಕಂಡು ಕೂಗುದ್ರೆ ಮಗ್ಳಿಗೆ ಕೇಳ್ತದೆ. ಇನ್ನೇನ್ ಬೇಕು?”

ಕೂಗುವುದು ಬೇರೆ, ಹೋಗುವುದು ಬೇರೆ ಎಂಬುದು ಮದುವೆಯಾದ ಮೇಲೆ ಗೊತ್ತಾಯಿತು. ನಮ್ಮ ಕಡೆ ಹೆಣ್ಣು ಕೊಟ್ಟ ಮನೆಗೆ ಕಾರಣವಿಲ್ಲದೆ ಕಾಲಿಡುವಂತಿಲ್ಲ. ಹಬ್ಬಕ್ಕೆ ಹೋಗಬಹುದು, ಕಾಯಿಲೆ ಕಸಾಲೆಗೆ ಹೋಗಬಹುದು, ತೊಟ್ಟಿಲಿಗೆ ಹೋಗಬಹುದು. ಸುಮ್ಮಸುಮ್ಮನೆ ಹೋದರೆ ಮಗಳ ಮನೆಯ ಮುದ್ದೆ ರುಚಿ ಹತ್ತಿತು ಎಂದು ನಗುತ್ತಾರೆ. ಅದರ ಮೇಲೆ ಬೀಗತಿ ಚಲುವಮ್ಮ ಮೊದಲೇ ಬಿಗುವಿನ ಹೆಂಗಸು. ಚಿಕ್ಕಬೋರಮ್ಮ ಹಾಕಿಸಿದ ಬೀಗರ ಊಟದ ದಿನ ಅವಳ ಅಣ್ಣನ ಎಲೆಯ ಹತ್ತಿರ ಬರುವಷ್ಟರಲ್ಲಿ ತಲೆಮಾಂಸ ಮುಗಿದುಹೋಗಿತ್ತು. ಮೂರು ವರ್ಷವಾದರೂ ಆ ಎಲೆ ಅವಳ ಕಣ್ಣಮುಂದೆ ಹಾಸಿಯೇ ಇತ್ತು. ಬೀದಿಯಲ್ಲಿ ಎದುರಾದರೆ “ಚೆನ್ನಾಗಿದ್ದೀರಾ?” “ಊಂ, ಚೆನ್ನಾಗಿದ್ದೀವಿ,” ಅಲ್ಲಿಗೆ ಮುಗಿಯಿತು. ಇನ್ನೂರ ಹತ್ತು ಹೆಜ್ಜೆ ಮಳವಳ್ಳಿಗಿಂತ ದೂರವಾಗಿಬಿಟ್ಟಿತು.

ಆಗ ಚಿಕ್ಕಬೋರಮ್ಮ ಒಂದು ಸೀಮೆಹಸು ಕಟ್ಟಿದಳು. ಹಸು ಇದ್ದಮೇಲೆ ಹಾಲು ಇರುತ್ತದೆ, ಹಾಲು ಇದ್ದಮೇಲೆ ಡೈರಿಗೆ ಹೋಗಲೇಬೇಕು, ಡೈರಿಗೆ ಹೋಗುವಾಗ ದಾರಿಯಲ್ಲಿ ಮಗಳ ಮನೆ ಸಿಕ್ಕಿದರೆ ಅದಕ್ಕೆ ಯಾರೇನು ಮಾಡುವುದಕ್ಕಾಗುತ್ತದೆ? ಬೆಳಗ್ಗೆ ಏಳಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ. ಹೋಗುವಾಗ ನಿಲ್ಲುತ್ತಿರಲಿಲ್ಲ, ಹಾಲು ಒಡೆದುಹೋದೀತು ಎಂಬ ನೆಪ. ಬರುವಾಗ ಜಗುಲಿಯ ಅಂಚಿನಲ್ಲಿ, ಕೂತೂ ಕೂರದ ಹಾಗೆ ಕೂತು, ಮಗಳ ಮುಖ ನೋಡಿ, ಎಂಟು ತಿಂಗಳ ಮೊಮ್ಮಗಳು ಅಮೃತಳನ್ನು ಎತ್ತಿಕೊಂಡು, ಒಳಕ್ಕೆ ಕಾಲಿಡದೆ ಎದ್ದು ಬರುತ್ತಿದ್ದಳು. ಆ ಅರ್ಧ ಗಂಟೆಗೋಸ್ಕರ ಅವಳು ಇಡೀ ದಿನ ಬದುಕುತ್ತಿದ್ದಳು ಎಂದರೆ ಹೆಚ್ಚಿನ ಮಾತಲ್ಲ.

ಕಾರ್ತಿಕದಲ್ಲಿ ಹಸು ಗಬ್ಬ ತುಂಬಿಕೊಂಡು ಹಾಲು ಬತ್ತಿಸಿತು. ಕರು ಹಾಕುವುದಕ್ಕೆ ಸಂಕ್ರಾಂತಿ ಕಳೆಯಬೇಕು. ಎರಡು ತಿಂಗಳು ಹಾಲಿಲ್ಲ ಎಂದರೆ ಎರಡು ತಿಂಗಳು ಮಗಳಿಲ್ಲ. ಚಿಕ್ಕಬೋರಮ್ಮ ಒಂದು ರಾತ್ರಿ ಯೋಚನೆ ಮಾಡಿದಳು. ಬೆಳಗ್ಗೆ ಎದ್ದು ಖಾಲಿ ಕ್ಯಾನಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಎಂದಿನಂತೆ ಏಳಕ್ಕೆ ಸರಿಯಾಗಿ ಹೊರಟಳು. ಡೈರಿಯ ತನಕ ಹೋಗಿ, ಕಾರ್ಯದರ್ಶಿಯ ಹತ್ತಿರ ಹಸುವಿನ ಹಿಂಡಿಯ ಚೀಲಕ್ಕೆ ರೇಟು ಕೇಳಿ, ಹಿಂದಕ್ಕೆ ಬಂದಳು. ಸಂಜೆಯೂ ಹಾಗೆಯೇ. ದಿನಕ್ಕೆರಡು ಸಲ ಅದೇ ರೇಟು ಹೇಳಿ ಹೇಳಿ ಆ ಮನುಷ್ಯನಿಗೆ ಬಾಯಿ ನೋವು ಬಂದಿತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಖಾಲಿ ಪಾತ್ರೆ ಕಂಡರೆ ಹೆತ್ತವಳ ಕೈ ಸುಮ್ಮನಿರುತ್ತದೆಯೇ? ಅವರೆಕಾಯಿ ಸುಗ್ಗಿ. ದೀಪಿಕಳಿಗೆ ಹಿದುಕಿದ ಬೇಳೆ ಸಾರು ಎಂದರೆ ಪ್ರಾಣ. ತವರಿನಿಂದ ಹಬ್ಬವಿಲ್ಲದ ದಿನ ತಿನ್ನುವ ಪದಾರ್ಥ ಹೊತ್ತುಕೊಂಡು ಹೋದರೆ ‘ನಿಮ್ಮನೇಲಿ ನನ್ನ ಮಗಳಿಗೆ ಹೊಟ್ಟೆಗಿಲ್ಲ’ ಎಂದು ಬೀಗರ ಮುಖಕ್ಕೆ ಹೇಳಿದ ಹಾಗೆ. ಹಾಗಾಗಿ ಗಂಡನನ್ನೂ ಕೂರಿಸಿಕೊಂಡು ಅವರೆಕಾಳು ನೆನೆಹಾಕಿ ಹಿದುಕಿದಳು, ಬೇಳೆಯನ್ನು ಬಾಳೆಲೆಯಲ್ಲಿ ಸುತ್ತಿ ಕ್ಯಾನಿನೊಳಗೆ ಇಟ್ಟಳು. ಬೆಳಗ್ಗೆ ಆ ಹೊತ್ತಿನಲ್ಲಿ ಚಲುವಮ್ಮ ಹಿತ್ತಿಲಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿರುತ್ತಾಳೆ ಎಂಬುದೊಂದು ಅನುಕೂಲ. ವಾರಕ್ಕೆ ಮೂರು ದಿನ ಬೇಳೆ ಹೀಗೆ ಗಡಿ ದಾಟುತ್ತಿತ್ತು.

ಆ ಬೀದಿಯ ಸರಿಯಾಗಿ ನಡುಮಧ್ಯದಲ್ಲಿ ಶಶಿಧರನ ಸಂಪದ ಕನ್ವೆನ್ಷನ್ ಹಾಲ್ ಇತ್ತು. ಶಶಿಧರ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವನು, ಡೈರಿಯ ಡೈರೆಕ್ಟರು, ಯಾರ ಮನೆಯ ಮದುವೆಯಾದರೂ ಬಾಡಿಗೆಯಲ್ಲಿ ಚೌಕಾಸಿಗೆ ಬಗ್ಗುವವನು. ಅವನ ತೊಂದರೆ ಏನೆಂದರೆ ಮದುವೆ ನಡೆಯುವ ಹಾಲ್ ಬೀದಿಯ ಈ ಕಡೆ, ಊಟದ ಹಾಲ್ ಬೀದಿಯ ಆ ಕಡೆ. ಹೋದ ತಿಂಗಳು ಒಂದು ಬೀಗರ ಊಟದಲ್ಲಿ ನಾಟಿಕೋಳಿ ಸಾರಿನ ಹಂಡೆ ಹೊತ್ತು ಬೀದಿ ದಾಟುತ್ತಿದ್ದ ಇಬ್ಬರಿಗೆ ಬೈಕಿನವನೊಬ್ಬ ಗುದ್ದಿದ. ಯಾರಿಗೂ ಏನೂ ಆಗಲಿಲ್ಲ, ಸಾರು ಮಾತ್ರ ಬೀದಿಯುದ್ದಕ್ಕೂ ಹರಿಯಿತು, ಊರ ನಾಯಿಗಳಿಗೆಲ್ಲ ಅದು ದೊಡ್ಡ ಹಬ್ಬ. ಶಶಿಧರ ಅವತ್ತೇ ನಿರ್ಧಾರ ಮಾಡಿದ. ಬೀದಿಯ ಆ ನಲವತ್ತು ಅಡಿಗೆ ಎರಡೂ ಕಡೆ ಗೇಟು ಹಾಕಿ, ಕಲ್ಲು ಹಾಸಿ, ತನ್ನ ಕನ್ವೆನ್ಷನ್ ಹಾಲ್‌ಗೆ ಸೇರಿಸಿಕೊಳ್ಳುವುದು. ಊರ ಪಂಚಾಯಿತಿಯಲ್ಲಿ ‘ಸದರಿ ರಸ್ತೆ ಸಾರ್ವಜನಿಕ ಬಳಕೆಯಲ್ಲಿಲ್ಲ’ ಎಂದು ನಿರ್ಣಯವೂ ಆಗಿಹೋಯಿತು. ಗೇಟಿನ ಕಂಬಕ್ಕೆ ಗುಂಡಿ ತೋಡಿದ ಮೇಲೆಯೇ ಬೀದಿಯವರಿಗೆ ಗೊತ್ತಾದದ್ದು.

“ಬಳಕೇಲಿಲ್ವಂತೆ! ಅಂಗಾರೆ ನಾವೇನ್ ಆಕಾಸ್ದಲ್ಲಿ ಆರಾಡ್ಕಂಡ್ ಓಗ್ತಿದ್ವಾ?” ಎಂದು ಬೀದಿಗೆ ಬೀದಿಯೇ ಎದ್ದಿತು.

ಎಲ್ಲರಿಗಿಂತ ಜೋರಾಗಿ ಎದ್ದವಳು ಚಿಕ್ಕಬೋರಮ್ಮ. ಜನಕ್ಕೆ ಆಶ್ಚರ್ಯವಾಯಿತು. ಡೈರಿಗೆ ಮೇನ್ ರೋಡಿನಿಂದಲೂ ಹೋಗಬಹುದು, ಸ್ವಲ್ಪ ಸುತ್ತು ಅಷ್ಟೇ, ಅದಕ್ಕೆ ಈ ಪಾಟಿ ಕೂಗಾಟ ಯಾಕೆ ಎಂದು. ಅವಳ ಲೆಕ್ಕ ಅವರಿಗೇನು ಗೊತ್ತು? ಮೇನ್ ರೋಡಿನಿಂದ ಸುತ್ತಿ ಬಂದರೆ ಮೊದಲು ಡೈರಿ ಸಿಗುತ್ತದೆ, ಮಗಳ ಮನೆ ಡೈರಿ ದಾಟಿದ ಮೇಲೆ. ಡೈರಿ ದಾಟಿ ಮುಂದಕ್ಕೆ ಹೆಜ್ಜೆ ಇಟ್ಟಳು ಎಂದರೆ ಅದು ಡೈರಿಗೆ ಹೋದದ್ದಲ್ಲ, ಮಗಳ ಮನೆಗೇ ಹೋದದ್ದು. ಆ ಗೇಟು ಬಿದ್ದರೆ ಅವಳು ಮಗಳನ್ನೂ ಕೂಸನ್ನೂ ಯುಗಾದಿಗೆ, ಗೌರಿಹಬ್ಬಕ್ಕೆ ನೋಡಬೇಕು. ಇದನ್ನು ಯಾರ ಮುಂದೆಯಾದರೂ ಬಾಯಿಬಿಟ್ಟು ಹೇಳುವುದಕ್ಕಾಗುತ್ತದೆಯೇ?

ಅರ್ಜಿ ಬರೆದವರು ಸಿದ್ದರಾಮು ಮೇಷ್ಟ್ರು. ರಿಟೈರಾಗಿ ಆರು ವರ್ಷವಾಗಿದ್ದರೂ ಅವರಿಗೆ ಎಲ್ಲರೂ ಇನ್ನೂ ಆರನೇ ಕ್ಲಾಸಿನವರ ಹಾಗೆಯೇ ಕಾಣುತ್ತಿದ್ದರು. ಜಗುಲಿಯ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು, ಬೀದಿ ಯಾಕೆ ಬೇಕು ಎಂದು ಕೇಳಿ ಬರೆದುಕೊಂಡರು. ಎಲ್ಲರೂ ಘನವಾದ ಕಾರಣಗಳನ್ನೇ ಕೊಟ್ಟರು. ಆಂಬುಲೆನ್ಸು, ಶಾಲೆಯ ಮಕ್ಕಳು, ಬಸುರಿ ಬಾಣಂತಿಯರು, ದೇವಸ್ಥಾನ.

“ನಿಮ್ದೇನಮ್ಮ, ಚಿಕ್ಕಬೋರಮ್ಮ?”

“ಆಲು ಆಕಾಕೆ ಮೇಷ್ಟ್ರೆ. ಎಲ್ಡ್ ಒತ್ತೂ.”

“ಭೇಷ್. ಇದೇ ನಮ್ಮ ಮೊದಲನೇ ಕಾರಣ. ‘ಹಾಲು ಉತ್ಪಾದಕರ ಜೀವನೋಪಾಯ.’ ನೀವೇ ನಮ್ಮ ಮೊದಲನೇ ಸಾಕ್ಷಿ.”

ಮೇಷ್ಟ್ರು ತಪ್ಪಿಲ್ಲದ ಅಕ್ಷರದಲ್ಲಿ ಬರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ಮಾದಯ್ಯ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಆಮೇಲೆ ಆಕಾಶ ನೋಡಿ, ಕೆಮ್ಮಿದ. ಅವನು ಬೇಳೆ ಹಿದುಕಿದ ಕೈಯ ಹೆಬ್ಬೆರಳು ಇನ್ನೂ ಸುಕ್ಕಾಗಿತ್ತು.

ಅರ್ಜಿ ಮದ್ದೂರಿನ ತಾಲ್ಲೂಕು ಕಚೇರಿಗೆ ಹೋಯಿತು. ಅಲ್ಲಿಂದ ಅರುಂಧತಿ ಎಂಬ ಅಧಿಕಾರಿ ಸ್ಥಳ ನೋಡುವುದಕ್ಕೆ ಬರುತ್ತಾರೆ ಎಂದು ಸುದ್ದಿ ಬಂತು. ಅದೂ ಬೆಳಗ್ಗೆ ಏಳಕ್ಕೇ. ಜನ ಓಡಾಡುವ ಹೊತ್ತಿನಲ್ಲೇ ಬೀದಿ ನೋಡಬೇಕು ಎಂದಿದ್ದರಂತೆ. ಒಳ್ಳೆಯ ಬುದ್ಧಿವಂತೆ ಎಂದು ಬೀದಿಯವರು ಮೆಚ್ಚಿಕೊಂಡರು, ಮೆಚ್ಚಿಕೊಂಡು ಎಡವಟ್ಟು ಮಾಡಿದರು.

ಆಲೆದೊಡ್ಡಿಯವರಿಗೆ ಒಂದು ಚಟ. ಯಾರಾದರೂ ದೊಡ್ಡವರು ಬರುತ್ತಾರೆ ಎಂದರೆ ಶಾಮಿಯಾನ ಹಾಕಬೇಕು. ನಾಮಕರಣಕ್ಕೂ ಬೀದಿಗೆ ಅಡ್ಡ ಶಾಮಿಯಾನ, ತಿಥಿಗೂ ಶಾಮಿಯಾನ, ಹೋದ ವರ್ಷ ಟ್ರಾನ್ಸ್‌ಫಾರ್ಮರ್ ಬಂದಾಗ ಅದಕ್ಕೂ ಶಾಮಿಯಾನ ಹಾಕಿ ಹಾರ ತೊಡಿಸಿದ್ದರು. ಮೇಡಮ್ಮನವರ ತಲೆಯ ಮೇಲೆ ಮಂಜು ಬೀಳಬಾರದು ಎಂದು ಮೇಷ್ಟ್ರು ಹೇಳಿದ್ದೇ ತಡ, ಬೆಳಗಿನ ಜಾವ ಐದಕ್ಕೇ ಬೀದಿಗೆ ಅಡ್ಡಲಾಗಿ ಕಂಬ ನೆಟ್ಟರು. ಕೆಳಗೆ ಅರವತ್ತು ಕುರ್ಚಿ, ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು, ಮೇಜಿನ ಮುಂದೆ ಬೀದಿಯ ಅಗಲಕ್ಕೂ ರಂಗೋಲಿ. ಇಷ್ಟನ್ನೂ ತಂದದ್ದು ಎಲ್ಲಿಂದ ಎಂದು ಕೇಳಿ. ಶಶಿಧರನ ಕನ್ವೆನ್ಷನ್ ಹಾಲಿನಿಂದ! ಊರಿನಲ್ಲಿ ಶಾಮಿಯಾನ ಇದ್ದದ್ದು ಅವನ ಹತ್ತಿರ ಮಾತ್ರ. ಅವನೂ ನಗುನಗುತ್ತಾ, “ಬಾಡಿಗೆ ಏನೂ ಬ್ಯಾಡ ತಕ್ಕೊಂಡೋಗ್ರಪ್ಪ,” ಎಂದು ಆಳುಗಳನ್ನೂ ಜೊತೆಗೆ ಕಳಿಸಿಕೊಟ್ಟಿದ್ದ.

ಏಳಕ್ಕೆ ಸರಿಯಾಗಿ ಜೀಪು ಬಂತು. ಶಾಮಿಯಾನದ ಕಂಬದ ಮುಂದೆ ನಿಂತಿತು. ಮುಂದಕ್ಕೆ ಹೋಗುವುದಕ್ಕೆ ದಾರಿಯಿಲ್ಲ. ಅರುಂಧತಿ ಇಳಿದು ನೋಡಿದರು. ಬೀದಿಗೆ ಬೀದಿಯೇ ಒಗೆದ ಬಟ್ಟೆ ಉಟ್ಟು, ಕೈಕಟ್ಟಿ, ಸಾಲಾಗಿ ಕುರ್ಚಿಯಲ್ಲಿ ಕೂತಿತ್ತು.

“ಇಲ್ಲಿ ಓಡಾಡುವವರು ಯಾರು?” ಎಂದು ಕೇಳಿದರು.

“ನಾವೇ ಮೇಡಂ!” ಅರವತ್ತು ದನಿ ಒಟ್ಟಿಗೆ.

“ನೀವೆಲ್ಲ ಕೂತಿದ್ದೀರಲ್ಲ.”

ಆಗ ಶಶಿಧರ ಮುಂದೆ ಬಂದು ಕೈಮುಗಿದ. “ನೋಡಿ ಮೇಡಂ. ನಾನು ಮುಚ್ಚೋಕೆ ಬರೀ ಅರ್ಜಿ ಕೊಟ್ಟೆ. ಅವ್ರು ಮುಚ್ಚೇ ಬುಟ್ಟವ್ರೆ. ಐದ್ ಗಂಟೆಯಿಂದ ಶಾಮಿಯಾನ ಅಡ್ಡ ನಿಂತದೆ, ಒಬ್ರಾದ್ರೂ ‘ಎಂಗಪ್ಪ ಓಗೋದು’ ಅಂತ ಕೇಳುದ್ರಾ, ಕೇಳಿ. ಈ ಬೀದಿ ಯಾರಿಗೂ ಬ್ಯಾಡ.”

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಮೇಷ್ಟ್ರು ಹಿಂದಕ್ಕೆ ತಿರುಗಿ, ಕ್ಯಾನು ಹಿಡಿದು ನಿಂತಿದ್ದ ಚಿಕ್ಕಬೋರಮ್ಮನನ್ನು ಹಿಡಿದು ಮುಂದಕ್ಕೆ ತಂದರು. ನೋಡಿದ ಕೂಡಲೇ ಹಾಲಿನವಳು ಎಂದು ಗೊತ್ತಾಗಲಿ ಎಂದು ಕ್ಯಾನು ತರಬೇಕೆಂದು ಹೇಳಿದ್ದವರೂ ಅವರೇ. ಅವಳೋ ನಿನ್ನೆ ಹಿದುಕಿದ ಬೇಳೆ ಇನ್ನೊಂದು ದಿನಕ್ಕೆ ಹುಳಿ ಬರುತ್ತದಲ್ಲ ಎಂದು, ಎಂದಿನ ಅಭ್ಯಾಸದಲ್ಲಿ, ಅದನ್ನೂ ಒಳಗೆ ಇಟ್ಟುಕೊಂಡು ಬಂದುಬಿಟ್ಟಿದ್ದಳು.

“ದಿನಾ ಹಾಲು ಹಾಕ್ತೀರಾಮ್ಮ? ಎಷ್ಟು ಲೀಟರ್?” ಅರುಂಧತಿ ಕೇಳಿದರು.

“ಆರು... ನಾಕು... ಅಸಾ ಕೊಟ್ಟಂಗೆ ಮೇಡಮ್ಮೋರೆ.”

ಶಶಿಧರ ನಕ್ಕ. ಕುಹಕವೇನಲ್ಲ, ಒಳ್ಳೆಯ ನಗೆಯೇ. “ಅಷ್ಟೇನಾ ಬೋರಕ್ಕ ನಿನ್ ಕಷ್ಟ? ಡೈರಿ ವ್ಯಾನ್ನ ನಿನ್ ಮನೆ ಬಾಗ್ಲಿಗೇ ಕಳುಸ್ತೀನಿ. ನೀನು ಎದ್ದು ಬರೋದೂ ಬ್ಯಾಡ. ಎಲ್ಡ್ ಒತ್ತೂ ಬತ್ತದೆ. ಮೇಡಂ ಮುಂದೆ ಬರ್ದುಕೊಡ್ತೀನಿ.”

ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಅದೂ ಒಳ್ಳೇದೇ ಅಲ್ವಾ ಎಂದು ನಾಲ್ಕು ಜನ ತಲೆಯಾಡಿಸಿದರು. ಕಷ್ಟ ಕೊಡುವವನ ಜೊತೆ ಜಗಳವಾಡಬಹುದು, ಉಪಕಾರ ಮಾಡುವವನ ಜೊತೆ ಹೇಗೆ ಆಡುವುದು?

“ಬ್ಯಾಡ,” ಎಂದಳು ಚಿಕ್ಕಬೋರಮ್ಮ.

“ಯಾಕಮ್ಮ?” ಎಂದರು ಅರುಂಧತಿ.

“ನಡ್ದಾಡುದ್ರೆ ಮೈಗೊಳ್ಳೇದು. ಸುಗರ್‌ಗೆ. ಡಾಕುಟ್ರು ಯೋಳವ್ರೆ.”

ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಮಾದಯ್ಯ ಮತ್ತೆ ಕೆಮ್ಮಿದ. ಅರುಂಧತಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಕೈಗಡಿಯಾರ ನೋಡಿಕೊಂಡು, “ಸರಿ, ಡೈರಿಗೆ ಹೊತ್ತಾಯ್ತಲ್ಲ, ನಡೀರಿ. ನಾನೂ ನಿಮ್ಮ ಜೊತೆ ನಡೀತೀನಿ. ಬೀದಿ ನೋಡೋದು ಅಂದ್ರೆ ಅದೇ,” ಎಂದರು.

ಮೆರವಣಿಗೆ ಹೊರಟಿತು. ಮುಂದೆ ಚಿಕ್ಕಬೋರಮ್ಮ, ಪಕ್ಕದಲ್ಲಿ ಅಧಿಕಾರಿ, ಹಿಂದೆ ಶಶಿಧರ, ಮೇಷ್ಟ್ರು, ಅವರ ಹಿಂದೆ ಇಡೀ ಗರಡಿ ಬೀದಿ. ಚ‌ಲುವಮ್ಮ ಕೂಡ ಅವತ್ತು ಕೋಳಿ ಬಿಟ್ಟು ಶಾಮಿಯಾನಕ್ಕೆ ಬಂದಿದ್ದವಳು, ಈಗ ಗುಂಪಿನಲ್ಲಿದ್ದಳು. ಚಿಕ್ಕಬೋರಮ್ಮನ ತಲೆಯಲ್ಲಿ ಒಂದೇ ಯೋಚನೆ. ಮಗಳ ಮನೆಯ ಕಡೆ ತಿರುಗಿಯೂ ನೋಡಬಾರದು, ಸೀದಾ ಡೈರಿಗೆ ಹೋಗಿಬಿಡಬೇಕು, ಅಲ್ಲಿ ಕ್ಯಾನಿನ ಮುಚ್ಚಳ ತೆಗೆಯುವ ಹೊತ್ತಿಗೆ ದೇವರು ಯಾವುದಾದರೂ ದಾರಿ ತೋರಿಸಿಯಾನು.

ದೇವರಿಗಿಂತ ಮೊದಲು ದೀಪಿಕ ಬಾಯಿಬಿಟ್ಟಳು. ಕೂಸಿಗೆ ಉಣ್ಣಿಸುತ್ತಾ ಒಳಗಿದ್ದವಳಿಗೆ ಗುಂಪು ಹೊರಟದ್ದು ಗೊತ್ತಿರಲಿಲ್ಲ. ಅವ್ವನ ಚಪ್ಪಲಿಯ ಸದ್ದು ಮಾತ್ರ ಕೇಳಿಸಿತ್ತು. ಕಂಕುಳಲ್ಲಿ ಕೂಸು, ಕೈಯಲ್ಲಿ ಪಾತ್ರೆ ಹಿಡಿದು, ಅರ್ಧ ತೆರೆದ ಬಾಗಿಲಿನ ಹಿಂದಿನಿಂದಲೇ ಕೂಗಿದಳು.

“ಅವ್ವ, ಇದುಕುದ್ ಬೇಳೆ ತಂದ್ಯಾ? ಬಿರ್ನೆ ಕೊಡು, ಅತ್ತೆ ಬಂದ್ಬುಡ್ತರೆ.”

ಬಾಗಿಲು ಪೂರ್ತಿ ತೆರೆಯಿತು. ಎದುರಿಗೆ ಊರೇ ನಿಂತಿತ್ತು, ಊರಿನ ಮುಂದೆ ಅತ್ತೆ. ಕೂಸು ಮಾತ್ರ ಅಜ್ಜಿಯನ್ನು ಕಂಡು ಎರಡೂ ಕೈ ಚಾಚಿ ಕುಣಿಯತೊಡಗಿತು.

ಅರುಂಧತಿ ಕ್ಯಾನಿನ ಕಡೆ ಕೈ ತೋರಿಸಿದರು. ಚಿಕ್ಕಬೋರಮ್ಮ ಮುಚ್ಚಳ ತೆಗೆದಳು. ಬಾಳೆಲೆಯೊಳಗೆ ಒಂದು ಸೇರು ಹಿದುಕಿದ ಬೇಳೆ, ಬೆಣ್ಣೆಯ ಹಾಗೆ ಬೆಳ್ಳಗಿತ್ತು.

“ಇದ್ಯಾವ್ ತಳಿ ಅಸಾ ಬೋರಕ್ಕ, ಆಲಿನ್ ಬದ್ಲು ಬೇಳೆ ಕರೆಯೋದು?” ಎಂದ ಶಶಿಧರ. ಬೀದಿ ಹೊಟ್ಟೆ ಹಿಡಿದು ನಕ್ಕಿತು. ಸಿದ್ದರಾಮು ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು.

ಅರುಂಧತಿ ನಗಲಿಲ್ಲ. “ಅರ್ಜಿಯಲ್ಲಿ ಹಾಲು ಅಂತ ಬರೆದಿದೆ. ಸುಳ್ಳು ಬರೆದರೆ ಅರ್ಜಿಯೇ ಬಿದ್ದುಹೋಗುತ್ತೆ, ಗೊತ್ತಲ್ಲ? ನಿಜ ಹೇಳಿ. ಈ ಬೀದಿ ನಿಮಗೆ ಯಾಕೆ ಬೇಕು?”

ಚಿಕ್ಕಬೋರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೊಮ್ಮಗಳು ಇನ್ನೂ ಕೈ ಚಾಚಿಯೇ ಇದ್ದಳು. ಆ ಕೈ ನೋಡಿದ ಮೇಲೆ ಮಾನ ಮರ್ಯಾದೆ ಎಲ್ಲ ಯಾವ ಲೆಕ್ಕಕ್ಕೂ ಇಲ್ಲದ ಹಾಗಾಯಿತು.

“ಮಗ್ಳ ನೋಡಾಕೆ ಕಣ್ರವ್ವ,” ಎಂದಳು. “ಅಸಾ ಬತ್ತಿ ಎಲ್ಡ್ ತಿಂಗ್ಳಾಯ್ತು. ಬರೀ ಕ್ಯಾನ್ ಇಡ್ಕಂಡು ಓಡಾಡ್ತಿವ್ನಿ. ಬೀಗ್ರ ಮನೆ, ಕಾರಣ ಇಲ್ದೆ ಎಂಗ್ ಬರ್ಲಿ? ಡೈರಿಗೋಯ್ತೀನಿ ಅಂದ್ರೆ ಈ ಬಾಗ್ಲು ಮುಂದೆ ಬರ್ಬೋದು. ಈ ಬೀದಿ ಮುಚ್ಚುದ್ರೆ ನಾನ್ ಯಾವ್ ಮಕ ಇಟ್ಕಂಡು ಬರ್ಲಿ? ನನ್ ಕೂಸು ಇಷ್ಟತ್ರ ಇದ್ದೂ ನಾನ್ ಅಬ್ಬದಿಂದ ಅಬ್ಬಕ್ಕೆ ಕಾಯ್ಬೇಕಾ? ಆಲೂ ಇಲ್ಲ ಏನೂ ಇಲ್ಲ. ಇಷ್ಟೇ ಕಣ್ರವ್ವ ನನ್ ಕಾರಣ.”

ನಗುತ್ತಿದ್ದವರು ನಿಲ್ಲಿಸಿದರು. ದೀಪಿಕ ಸೆರಗಿನಿಂದ ಮುಖ ಒರೆಸಿಕೊಂಡಳು. ಎಲ್ಲರ ಕಣ್ಣೂ ಚಲುವಮ್ಮನ ಕಡೆ ತಿರುಗಿತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ತಲೆಮಾಂಸದ ಕಥೆ ಈಗ ಎದ್ದಿತು ಎಂದು ಮಾದಯ್ಯ ಕಣ್ಣು ಮುಚ್ಚಿಕೊಂಡ.

“ನಂಗೊತ್ತಿಲ್ಲ ಅನ್ಕಂಡಿದ್ರಾ ಬೀಗ್ತಿ?” ಎಂದಳು ಚಲುವಮ್ಮ. “ನಾನೂ ಅಸಾ ಕಟ್ಟಿರೋಳೆ. ತುಂಬಿದ್ ಕ್ಯಾನ್ ಇಡ್ದೋಳ ಎಗ್ಲು ಒಂದ್ ಕಡೀಕ್ ವಾಲ್ತದೆ. ನೀವು ಎಲ್ಡ್ ತಿಂಗ್ಳಿಂದ ನೆಟ್ಟುಗೆ ಬತ್ತಿದ್ರಿ. ನಮ್ ಒಲದಲ್ಲಿ ಒಂದ್ ಅವರೆಗಿಡ ಇಲ್ಲ, ವಾರಕ್ಕೆ ಮೂರ್ ದಿನ ಇದುಕುದ್ ಬೇಳೆ ಸಾರು. ಎಲ್ಲಿಂದ ಬಂತು ಅಂತ ನಾನ್ ಯಾವತ್ತಾದ್ರೂ ಕೇಳುದ್ನಾ? ಎಲ್ಡ್ ಬಟ್ಲು ಬಡ್ಸ್ಕಂಡು ಉಂಡಿವ್ನಿ.”

ಚಿಕ್ಕಬೋರಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದದ್ದು ಇಷ್ಟು ದಿನವೂ ಬೀಗತಿಗೆ ಕಂಡಿತ್ತು.

“ಇನ್ನೊಂದ್ ಮಾತು,” ಎಂದಳು ಚಲುವಮ್ಮ, ದನಿ ಈಗ ತಗ್ಗಿತ್ತು. “ನಾಕ್ ಕೋಳಿಗೆ ಕಾಳಾಕಾಕೆ ಅರ್ಧ ಗಂಟೆ ಬೇಕಾ? ತಾಯಿ ಮಗ್ಳು ವಸಿ ಮಾತಾಡ್ಕಳ್ಳಿ ಅಂತ ಇತ್ಲಲ್ಲಿ ಸುಮ್ಕೆ ನಿಂತಿರ್ತಿದ್ದೆ. ನಂಗೂ ಒಬ್ಳು ಮಗ್ಳವ್ಳೆ ಬೀಗ್ತಿ. ಅಷ್ಟ್ ದೂರ ಬಸರಾಳಿಗೆ ಕೊಟ್ಟಿವ್ನಿ. ಆ ದಾರೀಲಿ ನಂಗ್ಯಾವ ಡೈರಿನೂ ಇಲ್ಲ.”

ಅರುಂಧತಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಮೇಷ್ಟ್ರು ಕಲ್ಲಿನಿಂದ ಎದ್ದು, ಗಂಟಲು ಸರಿಮಾಡಿಕೊಂಡು, ಕ್ಲಾಸಿನಲ್ಲಿ ಹುಡುಗನೊಬ್ಬ ತಪ್ಪೊಪ್ಪಿಕೊಳ್ಳುವ ಹಾಗೆ ಕೈ ಎತ್ತಿದರು.

“ಮೇಡಂ, ನನ್ನದೂ ತಿದ್ದಿಕೊಳ್ಳಿ. ದೇವಸ್ಥಾನ ಅಂತ ಬರೆದಿದ್ದೀನಿ. ನಾನು ದೇವಸ್ಥಾನಕ್ಕೆ ಹೋಗಿ ವರ್ಷವಾಯ್ತು. ಕೆಳಗಡೆ ಕಟಿಂಗ್ ಷಾಪಿನಲ್ಲಿ ಪೇಪರ್ ಪುಕ್ಕಟೆ ಓದೋಕೆ ಹೋಗ್ತೀನಿ.”

ಕಟ್ಟೆ ಒಡೆದ ಹಾಗಾಯಿತು. ಆಂಬುಲೆನ್ಸು ಎಂದು ಬರೆಸಿದ್ದವನು ಅರಳಿಕಟ್ಟೆಯಲ್ಲಿ ಇಸ್ಪೀಟು ಆಡುವುದಕ್ಕೆ ಹೋಗುತ್ತೇನೆ ಎಂದ. ಇನ್ನೊಬ್ಬಳು ಜಗಳವಾಡಿದ ವಾರಗಿತ್ತಿ ಮಾತಾಡಿಸುತ್ತಾಳೋ ಇಲ್ಲವೋ ಎಂದು ನೋಡುವುದಕ್ಕೆ ದಿನಾ ಒಂದು ಸಲ ಅವಳ ಮನೆಯ ಮುಂದೆ ಹೋಗಿ ಬರುತ್ತೇನೆ ಎಂದಳು. ಮಾದಯ್ಯ ಕೆಳಗಿನ ಅಂಗಡಿಯಲ್ಲಿ ಹೆಂಡತಿಗೆ ತಿಳಿಯದ ಹಾಗೆ ದಿನಕ್ಕೆ ಎರಡು ಬೋಂಡ ತಿನ್ನುತ್ತೇನೆ ಎಂದು ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅರುಂಧತಿ ಎಲ್ಲವನ್ನೂ ಬರೆದುಕೊಂಡರು. ಶಶಿಧರನ ಕಡೆ ತಿರುಗಿ, “ಈಗ ಹೇಳಿ, ಬೀದಿ ಬಳಕೆಯಲ್ಲಿಲ್ವಾ?” ಎಂದರು.

ಅವನು ತಲೆ ಕೆರೆದುಕೊಂಡ. “ಅದೆ ಮೇಡಂ. ಆದ್ರೆ ನನ್ ಸಾರಿನ ಅಂಡೆ?”

“ಎರಡೂ ಕಡೆ ಹಂಪ್ ಹಾಕಿಸೋಣ. ಬೈಕಿನವರು ನಿಧಾನ ಮಾಡ್ತಾರೆ. ನಿರ್ಣಯ ರದ್ದು ಮಾಡೋಕೆ ನಾನು ಬರೀತೀನಿ. ಆ ಗುಂಡಿ ಮುಚ್ಚಿಸಿಬಿಡಿ.”

ಅವನು “ಆಗ್ಲಿ ಬುಡಿ,” ಎಂದ. ಮುಖ ಸಪ್ಪಗಾಗಿತ್ತು, ಆದರೂ ಅಲ್ಲೇ ನಿಂತು ಆಳುಗಳಿಗೆ ಗುದ್ದಲಿ ತರಲು ಹೇಳಿದ.

ಮಹಜರು ಬರೆದದ್ದು ಚಲುವಮ್ಮನ ಜಗುಲಿಯ ಮೇಲೆ. ಬರೆದು ಮುಗಿಸಿ ಅರುಂಧತಿ ಎಲ್ಲರಿಗೂ ಕೇಳುವ ಹಾಗೆ ಓದಿದರು: “ಸದರಿ ರಸ್ತೆಯನ್ನು ಚಿಕ್ಕಬೋರಮ್ಮ ಕೋಂ ಮಾದಯ್ಯ ಎಂಬುವವರು ಪ್ರತಿದಿನ ಎರಡು ಬಾರಿ ತಮ್ಮ ಮಗಳನ್ನು ನೋಡಲು ಬಳಸುತ್ತಿರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿರುತ್ತದೆ.” ಸರ್ಕಾರದ ಕಾಗದದಲ್ಲಿ ತನ್ನ ಆಸೆಯನ್ನು ಹೀಗೆ ಬರೆಯಬಹುದು ಎಂಬುದು ಚಿಕ್ಕಬೋರಮ್ಮನಿಗೆ ಗೊತ್ತೇ ಇರಲಿಲ್ಲ. ಅವಳು ಮೊಮ್ಮಗಳನ್ನು ಎದೆಗೊತ್ತಿಕೊಂಡು ನಿಂತಿದ್ದಳು.

“ಸಾಕ್ಷಿಗೆ ಯಾರು ರುಜು ಹಾಕ್ತೀರಿ?”

“ನಾನ್ ಆಕ್ತೀನಿ, ಕೊಡಿ,” ಎಂದು ಚಲುವಮ್ಮ ಪೆನ್ನು ಈಸಿಕೊಂಡಳು. ಈಸಿಕೊಂಡವಳು ಕಾಗದವನ್ನೇ ದಿಟ್ಟಿಸಿ ನೋಡಿ, ಪೆನ್ನು ಕೆಳಗಿಟ್ಟಳು.

“ಯಾಕಮ್ಮ, ಏನಾದ್ರೂ ತಪ್ಪಿದೆಯಾ?”

“ಊಂ ಮೇಡಮ್ಮೋರೆ. ಎರಡು ಬಾರಿ ಅಂತ ಬರ್ದಿದ್ದೀರಲ್ಲ, ಅದ ಒಡ್ದಾಕಿ. ಎಷ್ಟ್ ಸಲ ಬೇಕಾದ್ರೂ ಅಂತ ಬರೀರಿ. ಆಮೇಲ್ ರುಜು ಆಕ್ತೀನಿ.”

ಅರುಂಧತಿ ‘ಎರಡು ಬಾರಿ’ ಎಂಬುದನ್ನು ಹೊಡೆದುಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ಬರೆದರು. ಚಲುವಮ್ಮ ರುಜು ಹಾಕಿದಳು. ಆಮೇಲೆ ಬಾಗಿಲಲ್ಲಿ ನಿಂತು, ಅಂಗಳದಲ್ಲೇ ಇದ್ದ ಬೀಗತಿಯ ಕಡೆ ತಿರುಗಿ, “ಒಳೀಕ್ ಬನ್ನಿ, ಕಾಪಿ ಕಾಯ್ಸ್ತೀನಿ,” ಎಂದಳು. ಚಿಕ್ಕಬೋರಮ್ಮ ಚಪ್ಪಲಿ ಕಳಚಿ ಹೊಸಿಲು ದಾಟಿದಳು.